ಕಟ್ಟಡವೆಲ್ಲ ಗಿಳಿಹಸಿರು

ಚಿಕ್ಕಂದಿನಲ್ಲಿ ಅವ್ವ ಗೋಡೆಗೆ ಬಳಿಯುತ್ತಿದ್ದ ಹಸಿಸುಣ್ಣದ ವಾಸನೆ ಚಂಪಾಬಾಯಿಯವರಿಗೆ ಇನ್ನೂ ನೆನಪಿತ್ತು. ಈಗ ಹುಬ್ಬಳ್ಳಿಯಲ್ಲಿ ಯಾರೂ ಸುಣ್ಣಬಣ್ಣ ಬಳಿಯುತ್ತಿರಲಿಲ್ಲ. ಸಿಎಸ್‌ಎಸ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಬಣ್ಣವನ್ನು ಗೋಡೆಗಳೇ ಉಟ್ಟುಕೊಳ್ಳುತ್ತಿದ್ದವು. ಗಂಡ ತೀರಿದ ಮೇಲೆ ಅವರನ್ನು ಹೆಸರು ಹಿಡಿದು ಕರೆಯುವವರಿದ್ದದ್ದು ಆ ಬರಹ ಕಲಿಸುವ ತರಗತಿಯಲ್ಲಿ ಮಾತ್ರ.

ಇಂದು ತಮ್ಮ ಅಡುಗೆಮನೆಗೆ ಗಿಳಿಹಸಿರು ಬರೆಯುವಾಗ, ಯಾವ ಗೋಡೆ ಎಂದು ಹೆಸರಿಸುವುದನ್ನೇ ಮರೆತರು. ಇಡೀ ಕಟ್ಟಡ ಹಸಿರಾಯಿತು. ಅಳಿಸುವುದನ್ನು ಇನ್ನೂ ಕಲಿತಿರಲಿಲ್ಲ. ಯಾರಾದರೂ ದೂರು ಕೊಟ್ಟರೆ, ತಪ್ಪು ಬರೆದವರನ್ನು ತರಗತಿಯಿಂದ ತೆಗೆದುಹಾಕುತ್ತಿದ್ದರು.

ಬಾಗಿಲು ಬಡಿದವಳು ಮೇಲಿನ ಮನೆಯ ಮೆಹರುನ್ನಿಸಾ. "ಅಕ್ಕಾರ, ನನ್ನ ಜಳಕದ ಮನಿನೂ ಗಿಳಿ ಆಗೇತ್ರಿ!"

"ತಪ್ಪಾತವ್ವಾ. ದೂರು ಕೊಡ್ತಿಯೇನು?"

"ನಾ ಕಲಿಯೂ ಮುಂದ ಇಡೀ ಓಣಿನ ಕರ್ರಗ ಮಾಡಿದ್ದೆ. ನೀವು ಇನ್ನೂ ಉಂಡಿಲ್ಲ, ಹೌದಲ್ರಿ?"

ಚಂಪಾಬಾಯಿ ತಲೆ ತಗ್ಗಿಸಿದರು. ಮೆಹರುನ್ನಿಸಾ ತಾನು ತಂದಿದ್ದ, ಬಿಸಿ ರೊಟ್ಟಿ, ಎಣಗಾಯಿ ಪಲ್ಯವಿದ್ದ ಡಬ್ಬಿಯನ್ನು ಅವರ ಕೈಗಿತ್ತಳು.