ಸಂಜೆಯಾದರೆ ಬಂದರಿಗೆ

ಹೆಂಡತಿ ಸುಳ್ಳು ಹೇಳುತ್ತಿದ್ದಾಳೆ ಎಂಬುದರಲ್ಲಿ ಅಡುಗೆಯವನಿಗೆ ಸಂಶಯ ಉಳಿದಿರಲಿಲ್ಲ. ಯಾರಿಗಾಗಿ ಎಂಬುದಷ್ಟೇ ತಿಳಿಯಬೇಕಿತ್ತು. ಅದಕ್ಕೇ ಅವನೀಗ ಬಂದರುಕಟ್ಟೆಯಲ್ಲಿ ಮೀನಿನ ಬುಟ್ಟಿಗಳ ಮರೆಗೆ, ಮೂಗು ಹಿಡಿದುಕೊಂಡು, ಕುಕ್ಕರುಗಾಲಿನಲ್ಲಿ ಕೂತಿದ್ದ.

ಅರ್ಧ ಆಯುಷ್ಯ ಹಡಗುಗಳಲ್ಲಿ ಸೌಟು ಆಡಿಸಿ, ಮೊನ್ನೆ ಮೊನ್ನೆ ಗಂಟುಮೂಟೆ ಕಟ್ಟಿಕೊಂಡು ಮನೆ ಸೇರಿದವನು ಅವನು. ಮೊದಲೆಲ್ಲ ವರ್ಷಕ್ಕೊಮ್ಮೆ, ಅದೂ ಊರು ಬಿಕೋ ಎನ್ನುವ ಮಳೆಗಾಲದಲ್ಲಿ ಬಂದು ಹೋಗುತ್ತಿದ್ದ. ಈ ಸಲ ನೋಡಿದರೆ ಊರಿನ ವರಸೆಯೇ ಬೇರೆ. ದೊಡ್ಡ ಹಡಗುಗಳು ಹೊಸ ಬಂದರಿನ ಹಾದಿ ಹಿಡಿದು ಎಷ್ಟೋ ಕಾಲವಾಗಿತ್ತು. ಇಲ್ಲಿ ಉಳಿದದ್ದು ಪಾಚಿಗಟ್ಟಿದ ಕಲ್ಲುಮೆಟ್ಟಿಲು, ಉಪ್ಪುಗಾಳಿಗೆ ಬಣ್ಣ ಸುಲಿದ ಬಾಗಿಲುಗಳು, ತುಕ್ಕು ಹಿಡಿದ ಲಂಗರು, ಮುಳ್ಳಿಲ್ಲದ ಗಡಿಯಾರ ಹೊತ್ತ ಸುಂಕದ ಕಟ್ಟಡ. ಇದನ್ನೆಲ್ಲ ನೋಡಿ ಬೆರಗಾಗಲು ಜನ ಬಸ್ಸು ತುಂಬಿ ಬರುತ್ತಿದ್ದರು. ರಿಪೇರಿ ಮಾಡದೆ ಬಿಟ್ಟರೆ ಇಷ್ಟು ಮರ್ಯಾದೆ ಸಿಗುತ್ತದೆಂದು ಗೊತ್ತಿದ್ದರೆ ತಾನೂ ಹಲ್ಲು ಕಟ್ಟಿಸುತ್ತಿರಲಿಲ್ಲ ಎಂದು ಅವನಿಗೆ ಅನ್ನಿಸಿತ್ತು.

ಹೆಂಡತಿ ದಿನಾ ಸಂಜೆ ಬಾಚಿದ ತಲೆ ಕೆದರಿಕೊಂಡು, ಹರಿದ ಶಾಲು ಹೊದ್ದು ಹೊರಡುತ್ತಿದ್ದಳು. ವೇಷ ಮರೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡ ಅವನು.

"ಎಲ್ಲಿಗೆ?"

"ಗೆಳತಿಗೆ ಹುಷಾರಿಲ್ಲ. ನೀವು ಮಾತ್ರ ಬಂದರಿನ ಕಡೆ ಬರಬೇಡಿ ರೀ. ಗಾಳಿ ನಿಮಗಾಗಲ್ಲ."

ಕಡಲಗಾಳಿ ಕುಡಿದೇ ಮುದುಕನಾದವನಿಗೆ ಈ ಬುದ್ಧಿಮಾತು.

ಕ್ಷೌರದವನಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. "ಸಂಜೆ ಹೊತ್ತು ಹೊರಗೆ ಕಾಣಿಸ್ಕೋಬೇಡಿ ಯಜಮಾನ್ರೆ. ನಿಮ್ಮನೆಯವರಿಂದ ತಾನೇ ನಮ್ಮ ಹೊಟ್ಟೆ ತುಂಬ್ತಿರೋದು."

"ನಿಮ್ಮ ಅಂದ್ರೆ? ಯಾರ್ಯಾರದು?"

"ಇಡೀ ಬೀದೀದು. ಅವರು ಒಂದು ದಿನ ಬರದಿದ್ರೆ ಗಂಡಸರು ಹೆಂಗಸರು ಎಲ್ಲ ಮುಖ ಸಪ್ಪೆ ಮಾಡ್ಕೊಂಡು ವಾಪಸ್ ಹೋಗ್ತಾರೆ."

ಕತ್ತಿ ಗಂಟಲ ಮೇಲಿದ್ದುದರಿಂದ ಅಡುಗೆಯವ ತುಟಿ ಬಿಚ್ಚಿರಲಿಲ್ಲ.

ಈಗ ಬುಟ್ಟಿಗಳ ಸಂದಿಯಿಂದ ಅವಳು ಕಂಡಳು. ಕಟ್ಟೆಯ ತುದಿಯಲ್ಲಿ, ಅಲೆಗೆ ಮುಖ ಮಾಡಿ ನಿಂತಿದ್ದಳು. ಪಕ್ಕದಲ್ಲಿ ಬಣ್ಣದ ಕೊಡೆ ಹಿಡಿದ, ಮೀಸೆ ತಿದ್ದಿದ ಆಸಾಮಿಯೊಬ್ಬ. ಅವನು ಅವಳ ಹೆಗಲ ಮೇಲೆ ಕೈಯಿಟ್ಟ. ಅವಳು ತಲೆ ತಗ್ಗಿಸಿದಳು. ಸುತ್ತ ನೆರೆದ ಜನ ಅದರ ಫೋಟೋ ಬೇರೆ ತೆಗೆಯುತ್ತಿದ್ದರು.

ಅಡುಗೆಯವ ಧಡಕ್ಕನೆ ಎದ್ದ. ಒಂದು ಬುಟ್ಟಿ ಉರುಳಿತು. ಅಂಗಿಗೆ ಮೀನಿನ ಹುರುಪೆ ಮೆತ್ತಿಕೊಂಡೇ ಅವನು ಗುಂಪಿನೊಳಗೆ ನುಗ್ಗಿದ. ದಾರಿಗಡ್ಡ ನಿಂತಿದ್ದ ದಪ್ಪ ಕನ್ನಡಕದ ಹೆಂಗಸನ್ನು ಕೇಳಿದ:

"ಅವಳು ಯಾರು ಅಂತ ಗೊತ್ತೇನ್ರೀ ನಿಮಗೆ?"

ಕೊಡೆಯವ ತಿರುಗಿ ನೋಡಿ ಬಿಳಿಚಿಕೊಂಡ. ಚಹಾದಂಗಡಿಯವ ಸುರಿಯುತ್ತಿದ್ದ ಚಹಾ ಲೋಟ ತಪ್ಪಿ ನೆಲಕ್ಕೆ ಬಿತ್ತು. ಹೆಂಡತಿ ಮಾತ್ರ ಕದಲಲಿಲ್ಲ. ಬಾಯಿ ಬಿಟ್ಟರೆ ಈವತ್ತಿನಿಂದ ನಿಮ್ಮ ಊಟ ನೀವೇ ಬೇಯಿಸಿಕೊಳ್ಳಿ ಎಂಬಂತೆ ಒಮ್ಮೆ ದಿಟ್ಟಿಸಿ, ಮತ್ತೆ ಕಡಲಿನ ಕಡೆ ತಿರುಗಿದಳು.

ಕನ್ನಡಕದಾಕೆ ಕಣ್ಣೊರೆಸಿಕೊಂಡಳು. "ಸ್ವಲ್ಪ ಮೆತ್ತಗೆ ಮಾತಾಡಿ. ಪಾಪ, ಈಯಮ್ಮನ ಗಂಡ ದೊಡ್ಡ ಕ್ಯಾಪ್ಟನ್ ಅಂತ ಆ ಕೊಡೆ ಹಿಡಿದ ಗೈಡ್ ಈಗಷ್ಟೇ ಹೇಳಿದ್ರು. ಹಡಗು ಮುಳುಗುವಾಗ ಎಲ್ಲರನ್ನೂ ದೋಣಿಗೆ ಹತ್ತಿಸಿ, ತಾವೊಬ್ಬರೇ ನೀರುಪಾಲಾದ್ರಂತೆ. ಅವತ್ತಿಂದ ದಿನಾ ಇಲ್ಲೇ ನಿಂತು ಕಾಯ್ತಾರಂತೆ. ಇದನ್ನ ನೋಡೋಕೇ ನಾವು ಇಷ್ಟು ದೂರ ಬಂದಿದ್ದು. ನೀವು ಈ ಊರಿನವರಾ? ಆ ಪುಣ್ಯಾತ್ಮರನ್ನ ಕಂಡಿದ್ರಾ?"

ಅಡುಗೆಯವ ಟೋಪಿ ತೆಗೆದು ಎದೆಗೊತ್ತಿಕೊಂಡ. "ಕಾಣದೆ ಏನಮ್ಮ? ಕೊನೇ ದೋಣಿಗೆ ನನ್ನನ್ನ ಎತ್ತಿ ಹಾಕಿದ್ದೇ ಅವರು."