ಬಸ್ಸಿನ ಮೇಲಿಲ್ಲದ ಹೆಸರು

ಬಸ್ಸಿನ ಟೇಪಿನ ಹಾಡು ಎಳೆಯತೊಡಗಿದಾಗಲೇ ಕರೆಂಟು ಮತ್ತೆ ಕೈಕೊಟ್ಟಿತೆಂದು ಡಾಲಿಯಾಗೆ ಗೊತ್ತಾಗಿಹೋಯಿತು. ಹಾಡುವವನ ದನಿ ಜ್ವರ ಬಂದವನಂತೆ ಕುಗ್ಗಿತು, ಬಸ್ಸಿನ ನೆತ್ತಿಯ ಬಣ್ಣದ ದೀಪಗಳು ಮಂಕಾದವು, ಹಾರ್ನ್ ಒಮ್ಮೆ ನರಳಿ ಸುಮ್ಮನಾಯಿತು. ಡೀಸೆಲ್ ಇಂಜಿನ್ನು ಮಾತ್ರ ಏನೂ ಆಗಿಲ್ಲವೆಂಬಂತೆ ಗುಡುಗುಡು ಓಡುತ್ತಿತ್ತು. ಕತ್ತಲಾಗುವ ಹೊತ್ತಿಗೆ ದೀಪವಿಲ್ಲದ ಬಸ್ಸನ್ನು ಯಾರು ನಂಬುತ್ತಾರೆ? ಹತ್ತಿ ಕೂತಿದ್ದವರೆಲ್ಲ ಗೊಣಗುತ್ತ ಇಳಿದು ಕೊಲೋನ್ ಊರಿನ ನಿಲ್ದಾಣದಲ್ಲಿ ಪಕ್ಕದಲ್ಲೇ ನಿಂತಿದ್ದ ಬಸ್ಸಿಗೆ ಹೋದರು.

"ನಿನ್ನ ತಮ್ಮ ನಂಗೆ ಸರಿಯಾಗಿ ಟೋಪಿ ಹಾಕ್ದ," ಎಂದು ಎವಾರಿಸ್ಟೊ ಸ್ಟೀರಿಂಗಿಗೆ ಗುದ್ದಿದ. ಬಸ್ಸು ಅವನದೇ, ಓಡಿಸುವವನೂ ಅವನೇ. ಹೆಂಡತಿ ಡಾಲಿಯಾ ಕಂಡಕ್ಟರು. "ಕರೆಂಟು ಹುಟ್ಟಿಸೋ ದೊಡ್ಡ ಆಲ್ಟರ್ನೇಟರ್ ಹಾಕಿದ್ರೆ ಎಷ್ಟು ದೀಪ ಬೇಕಾದ್ರೂ ಉರಿಸಬಹುದು ಭಾವ ಅಂದ. ಎಲ್ಲಿ ಉರೀತಿದೆ? ಗುಜರಿಯಿಂದ ಸತ್ತಿರೋದನ್ನ ತಂದು ಕಟ್ಟಿದಾನೆ. ಭಾನುವಾರ ಮಗೂನ ಅವನ ಕೈಗೆ ಕೊಡಲ್ಲ ನಾನು. ಬೇರೆಯವರನ್ನ ನೋಡ್ತೀನಿ."

ಡಾಲಿಯಾ ಬಸ್ಸಿನಿಂದ ಕೆಳಗಿಳಿದಳು. ಭಾನುವಾರ ಅವರ ಪುಟ್ಟ ಮಗಳು ಯಾರಿಸೆಲ್‌ಗೆ ಚರ್ಚಿನಲ್ಲಿ ಜ್ಞಾನಸ್ನಾನ. ಮಗುವನ್ನು ಎತ್ತಿಕೊಂಡು ಧರ್ಮತಂದೆಯಾಗಿ ನಿಲ್ಲಬೇಕಾದವನು ತಮ್ಮ ಲಿಸಾಂದ್ರೊ. ಆ ಜಾಗದಿಂದ ತಳ್ಳಿದರೆ ಅವನು ಮತ್ತೆ ಅಕ್ಕನ ಮನೆಯ ಕಡೆ ತಲೆ ಹಾಕುವವನಲ್ಲ, ಅಂಥ ರೋಷ. ತವರು ಅಂತ ಅವಳಿಗೆ ಉಳಿದಿರುವುದು ಅವನೊಬ್ಬನೇ. ಗಂಡನಿಗೆ ಹೇಳದೆ ಅವಳು ತಮ್ಮನಿಗೆ ಫೋನ್ ಮಾಡಿದಳು.

ಲಿಸಾಂದ್ರೊ ಕರೆಂಟು ಅಳೆಯುವ ಮೀಟರ್ ಹಿಡಿದುಕೊಂಡೇ ಬಂದ.

"ಬಂದ್ರಾ ಸಾಹೇಬ್ರು? ಈ ಸಲ ಏನು ಬದಲಾಯಿಸ್ತೀರಾ, ಬಸ್ಸನ್ನೇನಾ?" ಎಂದ ಎವಾರಿಸ್ಟೊ. ಬೆಲ್ಟು, ದಪ್ಪ ವೈರು, ಬ್ಯಾಟರಿ ಎಲ್ಲ ಆಗಲೇ ಬದಲಾಗಿದ್ದವು.

"ಬೈಯೋದು ಆಮೇಲೆ ಭಾವ. ಇಂಜಿನ್ ಆಫ್ ಮಾಡ್ಬೇಡಿ," ಎಂದು ಲಿಸಾಂದ್ರೊ ಬಾನೆಟ್ಟಿನೊಳಗೆ ತಲೆ ತೂರಿಸಿದ.

ಡಾಲಿಯಾ ಬಸ್ಸಿಗೊರಗಿ ನಿಂತಳು. ಆ ಬಸ್ಸಿನ ಮೈಮೇಲೆ ಯಾರ ಹೆಸರಿರಲಿಲ್ಲ? ಅತ್ತೆಯದು ಬಾಗಿಲ ಮೇಲೆ, ಯಾರಿಸೆಲ್‌ದು ಮುಂದಿನ ಗಾಜಿನ ಮೇಲೆ, ಹಿಂದುಗಡೆ ಯಾವನೋ ಕುಸ್ತಿಪಟುವಿನದು. ಎಲ್ಲ ಎವಾರಿಸ್ಟೊ ಕೈಯಾರೆ ಬರೆದದ್ದು. ಬೋಳು ಕಬ್ಬಿಣ ಕಂಡರೆ ಅವನಿಗಾಗದು, ಚಕ್ರದ ನಟ್ಟಿಗೂ ಬಣ್ಣ ಬಳಿದಿದ್ದ. ಅವಳ ಹೆಸರು ಮಾತ್ರ ಎಲ್ಲೂ ಇಲ್ಲ. ಕೇಳಿದಾಗಲೆಲ್ಲ "ಜಾಗ ಆಗ್ಲಿ, ಬರೀತೀನಿ" ಎನ್ನುತ್ತಿದ್ದ. ಕೇಳುವುದನ್ನೇ ಅವಳು ಬಿಟ್ಟಿದ್ದಳು.

"ಅಕ್ಕಾ, ಇಲ್ನೋಡು!" ಲಿಸಾಂದ್ರೊ ಕೂಗಿದ. "ಆಲ್ಟರ್ನೇಟರಿನ ಮೈಮೇಲೆ ಇಟ್ರೆ ಮೀಟರು ಚೆನ್ನಾಗಿ ತೋರಿಸ್ತದೆ. ಬ್ಯಾಟರಿ ಹತ್ರ ಬಂದ್ರೆ ಬಿದ್ದುಹೋಗ್ತದೆ." ಅವನು ಒಂದು ದಪ್ಪ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ ಇನ್ನೊಂದನ್ನು ಆಲ್ಟರ್ನೇಟರಿನ ಮೈಗೆ ಹಿಡಿದ. ನೆತ್ತಿಯ ದೀಪಗಳೆಲ್ಲ ಝಗ್ಗನೆ ಹೊತ್ತಿದವು. ಹಾಡುಗಾರ ಜ್ವರ ಬಿಟ್ಟವನಂತೆ ಎದ್ದು ಕೂತ. ಕೇಬಲ್ ತೆಗೆದ, ಮತ್ತೆ ಮಂಕು.

"ಆಲ್ಟರ್ನೇಟರ್ ಸತ್ತಿಲ್ಲ ಭಾವ. ಹೋದ ಕರೆಂಟು ವಾಪಸ್ ಬರೋಕೆ ದಾರಿ ಬೇಕು, ಕಬ್ಬಿಣಕ್ಕೆ ಕಬ್ಬಿಣ ತಾಗ್ಬೇಕು, ಮಧ್ಯೆ ಬಣ್ಣ ಇದ್ರೆ ದಾಟಲ್ಲ. ಇದನ್ನ ಇಂಜಿನ್ನಿಗೆ ಕೂರಿಸೋ ಬ್ರಾಕೆಟ್ಟಿಗೆ ಬಣ್ಣ ಗಿಣ್ಣ ಬಳಿದ್ರಾ?"

ಎವಾರಿಸ್ಟೊ ಬಾನೆಟ್ಟಿನ ಅಂಚು ಒರೆಸತೊಡಗಿದ. "ನೀನು ಕೂರಿಸಿ ಹೋದ್ಮೇಲೆ ಬಿಚ್ಚಿ, ಹೊರಗಡೆ ಒಂಚೂರು..."

"ಒಳಗಡೆ?"

ಲಿಸಾಂದ್ರೊ ಇಂಜಿನ್ ನಿಲ್ಲಿಸಿ, ಬೈದುಕೊಳ್ಳುತ್ತ ಬೋಲ್ಟು ಬಿಚ್ಚಿ ಬ್ರಾಕೆಟ್ಟನ್ನು ಈಚೆಗೆ ತೆಗೆದ. ಇಂಜಿನ್ನಿಗೆ ಒತ್ತಿ ಕೂರುವ ಮುಖದ ತುಂಬ ಕೆಂಪು ಬಣ್ಣ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಹಳದಿಯಲ್ಲಿ, ಬಾಲ ಸುತ್ತಿದ ಅಕ್ಷರಗಳಲ್ಲಿ ಬರೆದಿತ್ತು: ಡಾಲಿಯಾ.

ಮೂವರೂ ಅದನ್ನೇ ನೋಡಿದರು.

"ಹೊರಗೆ ಬರೆದ್ರೆ ಅಮ್ಮ ಸುಮ್ನಿರ್ತಾಳಾ?" ಎವಾರಿಸ್ಟೊ ನೆಲ ನೋಡುತ್ತ ಹೇಳಿದ. "ಅದಕ್ಕೇ... ಬಸ್ಸಿಗೆ ಶಕ್ತಿ ಬರೋ ಜಾಗದಲ್ಲೇ ಇರ್ಲಿ ಅಂತ ಬರೆದೆ."

"ಬರೋ ಶಕ್ತೀನೂ ತಡೆದು ನಿಲ್ಲಿಸಿದ್ರಲ್ಲ ಮಹಾರಾಯ್ರೇ!" ಲಿಸಾಂದ್ರೊಗೆ ನಗು ತಡೆಯಲಾಗಲಿಲ್ಲ. "ನನ್ನ ಮಾನಾನೂ ಹೋಗ್ತಿತ್ತು." ಅವನು ಬಣ್ಣ ಕೆರೆಯುವ ಉಜ್ಜುಕಾಗದ ಚಾಚಿದ. ಎವಾರಿಸ್ಟೊ ಅದನ್ನು ಕೈಯಲ್ಲಿ ಹಿಡಿದನೇ ಹೊರತು ಉಜ್ಜಲಿಲ್ಲ.

"ಇಲ್ಲಿ ಕೊಡಿ," ಎಂದಳು ಡಾಲಿಯಾ. ಅವಳಿಗೆ ಒಟ್ಟಿಗೇ ನಗುವೂ ಅಳುವೂ ಬಂತು. ಬ್ರಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಉಜ್ಜುಕಾಗದ ಸವೆದಾಗ ಉಗುರಲ್ಲೇ ಕೆರೆದು, ತನ್ನ ಹೆಸರನ್ನು ಒಂದಕ್ಷರವೂ ಉಳಿಯದಂತೆ ಅಳಿಸಿದಳು. ಬೆಳ್ಳಗೆ ಕಬ್ಬಿಣ ಕಂಡಿತು.

ಲಿಸಾಂದ್ರೊ ಬ್ರಾಕೆಟ್ಟನ್ನು ಮತ್ತೆ ಕೂರಿಸಿದ. ಬ್ಯಾಟರಿ ಇಳಿದುಹೋಗಿದ್ದರಿಂದ ಪಕ್ಕದ ಬಸ್ಸಿನವರು ಚುಡಾಯಿಸುತ್ತಲೇ ತಳ್ಳಿಕೊಟ್ಟರು. ಇಂಜಿನ್ನು ಹಿಡಿಯಿತು. ದೀಪಗಳು ಹೊತ್ತಿಕೊಂಡವು, ಮಂಕಾಗಲಿಲ್ಲ. ಎವಾರಿಸ್ಟೊ ಬಾಮೈದನ ಹೆಗಲಿಗೆ ಕೈ ಹಾಕಿದ.

"ಭಾನುವಾರ ಬಿಳಿ ಅಂಗಿ ಹಾಕ್ಕೊಂಡು ಬಾ ಕಣೋ. ಗ್ರೀಸು ಕೈಯಲ್ಲಿ ನನ್ನ ಮಗಳನ್ನ ಎತ್ಕೋಬೇಡ."

"ನೀವು ಬ್ರಷ್ ಮುಟ್ಟದೆ ಬನ್ನಿ ಭಾವ, ಸಾಕು."

ಜನ ಮತ್ತೆ ಹತ್ತಿದರು. ಡಾಲಿಯಾ ಕಾಸು ಕೇಳುತ್ತ ಸೀಟಿನಿಂದ ಸೀಟಿಗೆ ನಡೆದಳು. ಕಿಟಕಿ ಪಕ್ಕದ ಮುದುಕಿ ಅವಳ ಕೈಯನ್ನೇ ನೋಡಿದಳು.

"ಉಗುರಲ್ಲೇನೇ ಅದು, ಹಳದಿ?"

"ನನ್ನ ಹೆಸರು ಕಣಜ್ಜಿ," ಎಂದಳು ಡಾಲಿಯಾ.