ಸೊಂಟದ ತಿರುವು

“ಮಲಗೋ ಅದರ ಮೇಲೆ,” ಎಂದಳು ತಾಯಿ.

ಮಗ ನಕ್ಕ. ಹೊರಗೆ ಅವನ ಕಂಪನಿಯ ಗಾಡಿ ಬಂದು ನಿಂತಿತ್ತು. ಶಿಲ್ಪಶಾಲೆಯ ನಡುವೆ, ಮರದ ಚೌಕಟ್ಟಿಗೆ ಪ್ಲಾಸ್ಟರ್ ಮೆತ್ತಿ ಅವಳು ಹನ್ನೆರಡು ದಿನ ತೀಡಿದ ಬೆಂಚು ಬೆಳ್ಳಗೆ ಹೊಳೆಯುತ್ತಿತ್ತು. ವಿನ್ಯಾಸ ಮಗನದು, ಕೈ ತಾಯಿಯದು. ಇದರಿಂದ ಅಚ್ಚು ತೆಗೆದು, ದೊಡ್ಡಾಸ್ಪತ್ರೆಯ ವರಾಂಡಗಳಿಗೆ ಇಂಥವೇ ನಾನೂರು ಬೆಂಚು ಎರಕ ಹೊಯ್ಯುವುದೆಂದು ಮಾತಾಗಿತ್ತು. ಉದ್ದಕ್ಕೂ ಮೂರು ಉಬ್ಬು, ಅಲೆಗಳ ಹಾಗೆ. ಅಂದಕ್ಕೆಂದೇ ಅವಳು ನಂಬಿದ್ದಳು. ಇವತ್ತು ಬೆಳಿಗ್ಗೆ ಅಳತೆ ನೋಡಲು ನಕ್ಷೆಯ ಕೊನೆಯ ಹಾಳೆ ತಿರುವಿದಾಗ ಮೂಲೆಯ ಸಾಲು ಕಣ್ಣಿಗೆ ಬಿತ್ತು: ‘ಕೂರುವ ಅವಧಿ: ಇಪ್ಪತ್ತು ನಿಮಿಷ. ಮಲಗುವ ಅವಕಾಶ: ಇಲ್ಲ.’

“ಇದು ನನ್ನ ಹೆಂಗಸಿನ ಸೊಂಟ ತಾನೇ?” ನಡುವಿನ ಉಬ್ಬಿಗೆ ಅಂಗೈ ಬಡಿದಳು. ಗೋಡೆಯ ಪಕ್ಕದಲ್ಲಿ ಅವಳೇ ಕೆತ್ತಿದ ಕಲ್ಲಿನ ಹೆಂಗಸು ಮಗ್ಗುಲಾಗಿ ನಿದ್ದೆ ಹೋಗಿದ್ದಳು.

“ಹೂಂ ಅಮ್ಮ, ನಿನ್ನ ತಿರುವೇ. ಆಫೀಸಲ್ಲಿ ಎಲ್ರೂ ಮೆಚ್ಚಿದ್ದು ಅದನ್ನೇ.”

“ದುಡಿದು ಬಂದು ಮಲಗಿದೋಳನ್ನ ಕೆತ್ತಿದೆ ಕಣೋ ನಾನು. ಅವಳ ಸೊಂಟ ಕಿತ್ಕೊಂಡು ಹೋಗಿ, ಮಲಗೋರ ಸೊಂಟ ಮುರಿಯೋಕೆ ಇಟ್ಟಿದ್ದೀಯಲ್ಲ!”

“ನಾನೇನ್ ಮಾಡ್ಲಿ? ಆಸ್ಪತ್ರೆಯೋರು ಕೇಳಿದ್ದು ಹಾಗೆ. ರೋಗಿಗಳ ಕಡೆಯೋರು ಚಾಪೆ ಗೀಪೆ ತಂದು ಅಲ್ಲೇ ಸಂಸಾರ ಹೂಡ್ತಾರಂತೆ. ನೋಡೋಕೆ ಚೆನ್ನಾಗಿರಲ್ಲ.”

“ಗಂಡನ್ನ ಒಳಗೆ ಸಾಯೋಕೆ ಬಿಟ್ಟು ಹೊರಗೆ ಕಾಯೋಳು ನೋಡೋಕೆ ಬೇರೆ ಚೆನ್ನಾಗಿರಬೇಕೇನೋ? ನಿನಗೆ ಮಿದುಳು ಜ್ವರ ಬಂದಾಗ ಹನ್ನೊಂದು ದಿನ ನಾನೆಲ್ಲಿ ಬಿದ್ಕೊಂಡಿದ್ದೆ ಅಂದ್ಕೊಂಡಿದ್ದೀಯ? ನಿಮ್ಮಪ್ಪನ ಅರಮನೇಲಾ?”

“ಶುರುವಾಯ್ತು. ಎಲ್ಲದಕ್ಕೂ ಕಣ್ಣೀರು ತರಬೇಡಮ್ಮ.”

“ಕಣ್ಣೀರಾ? ಕಣ್ಣು ಬಿಟ್ಟು ನೋಡು, ಇದು ಕಣ್ಣೀರಾ?” ಅವಳ ಮುಖ ನೋಡಿ ಅವನು ಒಂದು ಹೆಜ್ಜೆ ಹಿಂದೆ ಸರಿದ. “ಅರ್ಧ ಗಂಟೆ ಮಲಗು. ಮಲಗಿದ್ರೆ ನಾನೇ ಹೆಗಲು ಕೊಟ್ಟು ಗಾಡಿಗೇರಿಸ್ತೀನಿ. ಮಧ್ಯೆ ಎದ್ಯೋ, ಇದು ಈ ಹೊಸ್ತಿಲು ದಾಟಲ್ಲ.”

ಅವನು ಬೂಟು ಕಳಚಿ, ಹಟಕ್ಕೆ ಬಿದ್ದು ಮಲಗಿದ. ತಾಯಿ ಸ್ಟೂಲು ಎಳೆದುಕೊಂಡು ತಲೆಯ ಹತ್ತಿರ ಕೂತಳು. ಮೊದಲ ಉಬ್ಬು ಹೆಗಲ ಮೂಳೆಗೆ ಒತ್ತಿತು. ನಡುವಿನದು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿತು. ಮಗ್ಗುಲಾದ, ಪಕ್ಕೆಲುಬಿಗೆ ಬಂತು. ಬೋರಲಾದ, ಹೊಟ್ಟೆಗೆ ಬಂತು. ಎತ್ತ ಹೊರಳಿದರೂ ಚುಚ್ಚುವಂತೆ ಅಳೆದು ಬರೆದವನು ಅವನೇ. ಕೂದಲೆಳೆಯಷ್ಟೂ ತಪ್ಪದೆ ತೀಡಿದವಳು ಅವಳು. ತನ್ನ ಬೆರಳುಗಳನ್ನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬಂತು ಅವಳಿಗೆ.

ಒಂಬತ್ತು ನಿಮಿಷವಾಗಿತ್ತು. ಹೊರಗೆ ಗಾಡಿಯವನು ಹಾರ್ನ್ ಬಾರಿಸಿದ. ಮಗ ಮತ್ತೆ ಅಂಗಾತನಾದ. ಹಣೆ ಬೆವೆತಿತ್ತು, ಹಲ್ಲು ಕಚ್ಚಿದ್ದ.

“ಅಮ್ಮಾ,” ಎಂದ ಕೊನೆಗೆ, ಚಾವಣಿ ನೋಡುತ್ತ. “ಏಳ್ಲಾ?”

“ಏಳಪ್ಪ,” ಎಂದಳು ತಾಯಿ. “ಏಳಿಸೋಕೇ ತಾನೇ ನೀನಿದನ್ನ ಮಾಡಿದ್ದು.”